ಲೋಳೆ ಸಾಗದಿದ್ದಾಗ

ಕೊಪ್ಪಳ ಜಿಲ್ಲೆಯಲ್ಲಿ ಧೂಳಿನ ಬಗೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ತೌಡು, ಹೊಟ್ಟಿನ ಪುಡಿ ತೇಲಿದರೆ, ಕೊಪ್ಪಳದ ಸುತ್ತ ಕಬ್ಬಿಣದ ಕಾರ್ಖಾನೆಗಳ ಕಪ್ಪು ಬೂದಿಯೂ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ರಾಶಿಯ ಕಾಲದ ಸುಂಕೂ ಉಸಿರಿನೊಡನೆ ಒಳಸೇರುತ್ತವೆ.

ಇದನ್ನೆಲ್ಲ ತಡೆಯುವುದು ಮೂಗನ್ನೂ, ಕೆನ್ನೆ ಮತ್ತು ಹಣೆಯ ಮೂಳೆಗಳೊಳಗಿನ ಗಾಳಿಗೂಡುಗಳಾದ ಸೈನಸ್‌ಗಳನ್ನೂ ಒಳಗಿನಿಂದ ಹೊದ್ದಿರುವ ಲೋಳೆಪೊರೆ. ಅದರ ಕೆಲವು ಕೋಶಗಳು ಲೋಳೆಯನ್ನು ಸ್ರವಿಸುತ್ತವೆ. ಇನ್ನುಳಿದ ಹೆಚ್ಚಿನವುಗಳ ಮೇಲೆ ತಲಾ ಸುಮಾರು 200 ಸೂಕ್ಷ್ಮ ರೋಮಗಳಿದ್ದು, ಅವು ಸೆಕೆಂಡಿಗೆ ಹತ್ತಾರು ಬಾರಿ ಬಡಿಯುತ್ತ, ಧೂಳು ಮತ್ತು ರೋಗಾಣುಗಳು ಅಂಟಿಕೊಂಡ ಲೋಳೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರ್‌ನಂತೆ ಗಂಟಲಿನತ್ತ ಸಾಗಿಸುತ್ತವೆ. ಕೆನ್ನೆಯ ಸೈನಸ್ಸಿನ ದ್ವಾರ ತಳದಲ್ಲಿಲ್ಲದೆ ಮೇಲ್ಭಾಗದಲ್ಲಿರುವುದರಿಂದ ಅಲ್ಲಿ ಲೋಳೆ ಮೇಲಕ್ಕೇ ಏರಬೇಕು. ತಳದಲ್ಲಿ ಬೇರೊಂದು ರಂಧ್ರ ಕೊರೆದುಕೊಟ್ಟರೂ ಅದು ಆ ರಂಧ್ರದೊಳಗೆ ಇಳಿಯದೆ ಅದರ ಪಕ್ಕದಿಂದ ಸುತ್ತಿಕೊಂಡು ಮೂಲದ್ವಾರಕ್ಕೇ ಹೋಗುತ್ತದೆ. ಆಸ್ಟ್ರಿಯಾದ ವೈದ್ಯ ವಾಲ್ಟರ್ ಮೆಸರ್‌ಕ್ಲಿಂಗರ್ ಕಳೆದ ಶತಮಾನದಲ್ಲಿ ಈ ಹಾದಿಗಳನ್ನು ಗುರುತಿಸಿದ ಮೇಲೆ ಸೈನಸ್ ಶಸ್ತ್ರಚಿಕಿತ್ಸೆಯ ದಿಕ್ಕೇ ಬದಲಾಯಿತು.

ಅಲರ್ಜಿ, ಮೂಗಿನೊಳಗಿನ ದುರ್ಮಾಂಸ, ಮೇಲ್ದವಡೆಯ ಹಲ್ಲಿನ ಸೋಂಕು, ಧೂಳು ಮುಂತಾದ ಯಾವ ಕಾರಣದಿಂದಲೇ ಆಗಲಿ, ಉರಿಯೂತ 12 ವಾರಗಳಿಗೂ ಮೀರಿ ಉಳಿದರೆ ಅದನ್ನು ದೀರ್ಘಕಾಲಿಕ ಸೈನಸೈಟಿಸ್ ಎನ್ನುತ್ತಾರೆ. ಆಗ ಲೋಳೆ ಸ್ರವಿಸುವ ಕೋಶಗಳು ಹೆಚ್ಚಿ, ರೋಮಗಳು ಉದುರಿ, ಲೋಳೆ ಗಟ್ಟಿಯಾಗುತ್ತದೆ. ಪೊರೆ ಊದಿ ದ್ವಾರ ಮುಚ್ಚಿದಾಗ ಒಳಗೆ ಆಮ್ಲಜನಕ ಕುಗ್ಗಿ, ಉಳಿದ ರೋಮಗಳ ಬಡಿತವೂ ನಿಧಾನವಾಗಿ, ನಿಂತ ಲೋಳೆಯಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ ಉರಿಯೂತವನ್ನು ಮತ್ತಷ್ಟು ಕೆರಳಿಸುತ್ತವೆ. ಈ ಸಾಗಾಟವನ್ನು ಅಳೆಯಲು ಸ್ಯಾಕರಿನ್‌ನ ಒಂದು ಹರಳು ಸಾಕು: ಮೂಗಿನೊಳಗಿಟ್ಟ ಹರಳಿನ ಸಿಹಿ ಆರೋಗ್ಯವಂತರ ಗಂಟಲಿಗೆ ಸಾಮಾನ್ಯವಾಗಿ 20 ನಿಮಿಷದೊಳಗೆ ತಿಳಿಯುತ್ತದೆ, ಈ ರೋಗಿಗಳಲ್ಲಿ ಅರ್ಧ ಗಂಟೆ ದಾಟುವುದೂ ಉಂಟು.

ಸಿಂಬಳವನ್ನು ಒಣಗಿಸಿದರೆ ರೋಗ ಹೋಯಿತೆಂಬ ನಂಬಿಕೆ ಆದ್ದರಿಂದಲೇ ಅಪಾಯಕಾರಿ. ಔಷಧಿ ಅಂಗಡಿಯಲ್ಲಿ ಕೇಳಿ ತಂದ, ಕಟ್ಟಿದ ಮೂಗನ್ನು ಬಿಡಿಸುವ ಹನಿಗಳನ್ನು ವಾರಗಟ್ಟಲೆ ಹಾಕಿಕೊಂಡರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆಸಿ ಮೂಗು ತೊಳೆಯುವುದು ಮತ್ತು ವೈದ್ಯರು ಹೇಳಿದ ಸ್ಟೆರಾಯ್ಡ್ ಸ್ಪ್ರೇ ಬಳಸುವುದು ಮೊದಲ ಚಿಕಿತ್ಸೆ. ಇವು ಸಾಲದಿದ್ದರೆ ದುರ್ಬೀನಿನ ನೆರವಿನಿಂದ ಮೂಲದ್ವಾರವನ್ನೇ ಅಗಲಿಸುತ್ತಾರೆ. ಆ ನಂತರವೂ ರೋಮಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗುವುದರಿಂದ, ಗಿರಣಿಗೆ ಮರಳುವ ಹಮಾಲರು ಮೂಗು ತೊಳೆಯುವುದನ್ನು ಬಿಡಬಾರದು. ಅವರಿಗೆ ಒಳ್ಳೆಯ ಮಾಸ್ಕ್ ಒದಗಿಸುವುದು ಗಿರಣಿ ಮಾಲೀಕರ ಹೊಣೆ.