ಆಟದ ನೆಲಕ್ಕೆ ನೀರು ಹಾಯಿಸುವ ಬಗೆ



ಹೋದ ತಿಂಗಳ ಗೋಡೆ ಪತ್ರಿಕೆಗೆ ನಾನು ಏನೂ ಬರೆದುಕೊಡಲಿಲ್ಲ. ಖರೆ ಹೇಳಬೇಕಂದ್ರ ಮನ್ಯಾಗ ಆಟ ಆಡ್ಕೋತ ಕುಂತಿದ್ದೆ. ಈ ಸಲ ಆ ಆಟದ ಮೇಲೆಯೇ ಬರೆಯುತ್ತಿದ್ದೇನೆ. ಗುರುಗಳು ಸಿಟ್ಟಾಗಬಾರದು, ಇದರಾಗ ಭೂಗೋಳವೂ ಅದ.

ಆಟದ ಹೆಸರು ಫ್ರೀಸಿವ್. ಅಣ್ಣ ಕಲಬುರಗಿಯಿಂದ ತಂದ ಹಳೇ ಲ್ಯಾಪ್‌ಟಾಪಿನಲ್ಲಿ ಇದೆ. ರೊಕ್ಕ ಕೊಡಬೇಕಾಗಿಲ್ಲ, ಇಂಟರ್‌ನೆಟ್ ಇಲ್ಲದಿದ್ದರೂ ನಡೀತದ. 1991ರಲ್ಲಿ ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬುವರು ‘ಸಿವಿಲೈಜೇಶನ್’ ಎಂಬ ಆಟ ಮಾಡಿದರು. ಅದನ್ನು ಆಡಿ ಹುಚ್ಚು ಹತ್ತಿದ ಡೆನ್ಮಾರ್ಕಿನ ಮೂವರು ವಿದ್ಯಾರ್ಥಿಗಳು 1995ರಲ್ಲಿ ಫ್ರೀಸಿವ್ ಶುರು ಮಾಡಿದರು. ಊರು ಕಟ್ಟಬೇಕು, ಜನರನ್ನು ಸಾಕಬೇಕು, ವೈರಿಯಿಂದ ಉಳಿಸಿಕೊಳ್ಳಬೇಕು. ಇಷ್ಟೇ ಆಟ.

ನಾವು ಗುಡಿ ಕಟ್ಟೆಯ ಮೇಲೆ ಹುಲಿ-ಕುರಿ ಆಡುತ್ತೇವಲ್ಲ, ಅದೂ ಯುಕ್ತಿಯ ಆಟವೇ. ಮೂರು ಹುಲಿ, ಹದಿನೈದು ಕುರಿ. ಆದರೆ ಅಲ್ಲಿ ಗೆರೆಗಳು ಮುತ್ಯಾನ ಕಾಲದವು. ನಾವು ಕಲ್ಲು ಸರಿಸಬಹುದು, ಗೆರೆ ಸರಿಸುವ ಹಾಗಿಲ್ಲ. ಫ್ರೀಸಿವ್‌ನಲ್ಲಿ ಆಡುತ್ತ ಆಡುತ್ತ ನೆಲವನ್ನೇ ತಿದ್ದಬಹುದು. ಅದಕ್ಕೇ ನನಗೆ ಅದರ ಹುಚ್ಚು.

ನಕಾಶೆ ತುಂಬ ಮನಿಗಳು ಇರ್ತಾವ, ಚೌಕಾಬಾರದಲ್ಲಿ ಇದ್ದ ಹಾಗೆ. ಒಂದು ಮನಿ ಹುಲ್ಲುಗಾವಲು, ಒಂದು ಬಯಲು, ಒಂದು ಗುಡ್ಡ, ಒಂದು ಅಡವಿ. ಹುಲ್ಲುಗಾವಲು 2 ಆಹಾರ ಕೊಡುತ್ತದೆ. ಬಯಲು 1 ಆಹಾರ, 1 ಉತ್ಪಾದನೆ ಕೊಡುತ್ತದೆ. ಊರಿನ ಒಬ್ಬೊಬ್ಬ ಮನುಷ್ಯನಿಗೂ 2 ಆಹಾರ ಬೇಕು. ಅಂದರೆ ಬಯಲಿನಲ್ಲಿ ದುಡಿಯುವವನ ಹೊಟ್ಟೆ ಅವನ ದುಡಿಮೆಯಿಂದಲೇ ತುಂಬುವುದಿಲ್ಲ. ಆಗ ಕೆಲಸಗಾರನನ್ನು ಕಳಿಸಿ ಆ ಮನಿಗೆ ನೀರಾವರಿ ಮಾಡಿಸಬೇಕು. ಆಹಾರ ಒಂದು ಹೆಚ್ಚಾಗುತ್ತದೆ, ಹೊಟ್ಟೆಗೆ ಸರಿಹೋಗುತ್ತದೆ. ಗುಡ್ಡದಲ್ಲಿ ಗಣಿ ತೋಡಿದರೆ ಉತ್ಪಾದನೆ 3 ಹೆಚ್ಚು. ಬಯಲಿನಲ್ಲಿ ರಸ್ತೆ ಹಾಕಿದರೆ ವ್ಯಾಪಾರ ಒಂದು ಹೆಚ್ಚು, ಮೇಲಾಗಿ ಸೈನಿಕ ಒಂದು ಮನಿ ನಡೆಯುವ ಹೊತ್ತಿನಲ್ಲಿ ಮೂರು ಮನಿ ನಡೆಯುತ್ತಾನೆ.

ಈಗ ಮುಖ್ಯ ವಿಷಯ. ನೀರಾವರಿ ಎಲ್ಲೆಂದರಲ್ಲಿ ಆಗುವುದಿಲ್ಲ. ಆ ಮನಿಯ ಬಾಜೂಕ ಹೊಳಿ, ಕೆರಿ ಅಥವಾ ಸಮುದ್ರ ಇರಬೇಕು. ಇಲ್ಲಾಂದ್ರ ಬಾಜೂ ಮನಿಗೆ ಮೊದಲೇ ನೀರಾವರಿ ಆಗಿರಬೇಕು. ಮೂಲಿಗೆ ಹತ್ತಿದ್ದರೆ ನಡೆಯೋದಿಲ್ಲ. ಹೀಗಾಗಿ ಹೊಳಿಯಿಂದ ನಾಲ್ಕು ಮನಿ ದೂರದ ಊರಿಗೆ ನೀರು ಬೇಕಂದ್ರ ನಡುವಿನ ಮನಿಗಳಿಗೆ ಒಂದೊಂದಾಗಿ ನೀರು ಹಾಯಿಸುತ್ತ ಬರಬೇಕು. ಆ ಮನಿಗಳಲ್ಲಿ ದುಡಿಯಲು ನಿಮ್ಮ ಜನ ಇಲ್ಲದಿದ್ದರೂ ಸರಿ.

ಇದನ್ನು ಓದಿದಾಗ ನನಗೆ ನಮ್ಮ ಮೂರೂ ತಾಲ್ಲೂಕುಗಳ ನಕಾಶೆ ಕಣ್ಣಮುಂದೆ ಬಂತು. ಆಳಂದದ ಕಡೆ ಕೋರಳ್ಳಿ ಹತ್ತಿರ ಅಮರ್ಜಾ ಅಣೆಕಟ್ಟು. ಆ ಅಮರ್ಜಾ ಗಾಣಗಾಪುರದಲ್ಲಿ ಭೀಮಾ ಹೊಳಿಗೆ ಕೂಡುತ್ತದೆ. ಅಫಜಲಪುರದ ಕಡೆ ಭೀಮೆಗೆ ಅಡ್ಡಲಾಗಿ ಸೊನ್ನದ ಬ್ಯಾರೇಜು. ನಮ್ಮ ಜೇವರ್ಗಿ ಕಡೆಗೆ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಕಾಲುವೆಯಲ್ಲಿ ಬರುತ್ತದೆ. ಅಲ್ಲಿಂದ ಇಲ್ಲಿಗೆ ಎಷ್ಟು ಊರು, ಎಷ್ಟು ಮಂದಿಯ ಹೊಲ ದಾಟಿ ಬರಬೇಕು ನೋಡ್ರಿ. ಮನಿಯಿಂದ ಮನಿಗೆ ಎಂಬ ನಿಯಮ ಆಟದವರು ಸುಮ್ಮನೆ ಮಾಡಿದ್ದಲ್ಲ.

ನಮ್ಮ ಮನ್ಯಾಗೂ ಇದೇ ತಕರಾರು. ಮುತ್ಯಾ ಹೊಲ ಪಾಲು ಮಾಡಿದಾಗ ಕಾಲುವೆ ದಿಕ್ಕಿನ ಪಾಲು ಕಾಕಾಗೆ ಬಂತು, ಆಚೆಯದು ಅಪ್ಪಗೆ. ನಡುವೆ ಹೊಲಗಾಲುವೆ ತೋಡಲು ಕಾಕಾ ಒಪ್ಪಲಿಲ್ಲ. ಮೂರು ವರ್ಷದಿಂದ ಅಪ್ಪ, ಕಾಕಾ ಮಾತಾಡುವುದಿಲ್ಲ. ಮದುವೆ ಊಟಕ್ಕೂ ಬೇರೆ ಬೇರೆ ಸಾಲಿನಲ್ಲಿ ಕೂಡುತ್ತಾರೆ. ಕಾಕಾನ ಕಡೆಯೇ ತಪ್ಪು ಅಂತ ನಾನೂ ತಿಳಿದಿದ್ದೆ.

ಅದನ್ನು ಆಮೇಲೆ ಹೇಳ್ತೀನಿ. ಮೊದಲು ನಾನು ಆಟದಲ್ಲಿ ಮಾಡಿದ ತಪ್ಪು ಕೇಳಿ. ಶುರುವಿಗೆ ನಮ್ಮದು ಸರ್ವಾಧಿಕಾರದ ರಾಜ್ಯ. ಆ ಆಡಳಿತದಲ್ಲಿ ಊರಿನ ಹೊರಗಿನ ಯಾವ ಮನಿಯಾದರೂ 2ಕ್ಕಿಂತ ಹೆಚ್ಚು ಬೆಳೆದರೆ ಒಂದು ಕಡಿತ. ನಾನು ಇದನ್ನು ನೋಡದೆ ಹುಲ್ಲುಗಾವಲಿಗೆಲ್ಲ ನೀರಾವರಿ ಮಾಡಿಸಿದೆ. 2 ಇದ್ದದ್ದು 3 ಆಯಿತು, ಕಡಿತವಾಗಿ ಮತ್ತೆ 2! ಕೆಲಸಗಾರರ ಅಷ್ಟೂ ಸರದಿ ನೀರಿಗೆ ಹೋಮ. ನಕಾಶೆ ಮಾತ್ರ ಹಸಿರು ನೀಲಿಯಾಗಿ ಭಾಳ ಚಂದ ಕಾಣುತ್ತಿತ್ತು. ಅಣ್ಣ ನೋಡಿ, “ಇದೇನೋ, ನಕಾಶಕ್ಕ ರಂಗೋಲಿ ಹಾಕಿದಂಗ ಅದ, ಜನ ಮಾತ್ರ ಬೆಳೀಲಿಲ್ಲ” ಅಂದ. ಮೊದಲು ಬಯಲಿಗೆ ನೀರು ಕೊಡಬೇಕಿತ್ತು. ಹುಲ್ಲುಗಾವಲಿನ ನೀರಾವರಿಗೆ ಆಡಳಿತ ಬದಲಾಗುವವರೆಗೂ ಕಾಯಬೇಕಿತ್ತು.

ಚಂದ ಎಂದೆನಲ್ಲ, ಅದರ ಬಗ್ಗೆಯೂ ಒಂದು ಮಾತು. ಆಟ ಶುರುವಾದಾಗ ನಕಾಶೆ ಕರೀ ಕತ್ತಲೆ. ನಡೆದ ಹಾಗೆ ನೆಲ ಕಾಣುತ್ತದೆ. ಆಮೇಲೆ ರಸ್ತೆಯ ಗೆರೆ, ನೀರಾವರಿಯ ಗುರುತು, ಗಣಿಯ ಗುರುತು ಬಂದು ಕೂಡುತ್ತವೆ. ಈ ಗುರುತುಗಳನ್ನು ನೋಡಿದರೆ ಸಾಕು, ಆಡುವವನ ಮನಸ್ಸು ಗೊತ್ತಾಗುತ್ತದೆ. ಎಲ್ಲಿ ರಸ್ತೆ ದಟ್ಟವೋ ಅಲ್ಲಿ ಅವನ ಊರು, ಎಲ್ಲಿ ಗಣಿಯೋ ಅಲ್ಲಿ ಅವನ ಕತ್ತಿ ತಯಾರಾಗುತ್ತದೆ. ನನಗೆ ಕಾಣುವುದು ವೈರಿಗೂ ಕಾಣುತ್ತದೆ. ಒಮ್ಮೆ ನಾನು ಗಡಿಯ ತನಕ ರಸ್ತೆ ಹಾಕಿ ಸಂತೋಷಪಟ್ಟೆ. ವೈರಿಯ ಕುದುರೆ ಸವಾರರು ಅದೇ ರಸ್ತೆ ಹಿಡಿದು ಬಂದು ಊರು ಕಸಕೊಂಡರು. ದಾರಿ ಯಾರು ಹಾಕಿದ್ದೆಂದು ಕುದುರೆ ಕೇಳುತ್ತದೆಯೇ? ಊರು ಹಿಡಿಯಲು ಆಗದಿದ್ದರೆ ಅವರು ನೀರಾವರಿ ಕೆಡಿಸಿ ಹೋಗುತ್ತಾರೆ, ಊರಲ್ಲಿ ಜನ ಉಪವಾಸ ಬೀಳುತ್ತಾರೆ. ಎಲ್ಲ ಮನಿಯಲ್ಲೂ ಎಲ್ಲ ಗುರುತು ತುಂಬಿದರೆ ಇನ್ನೊಂದು ತೊಂದರೆ. ಕೆಳಗೆ ಗುಡ್ಡವೋ ಬಯಲೋ ಕಣ್ಣಿಗೆ ಹತ್ತುವುದೇ ಇಲ್ಲ. ಗುಡ್ಡದ ಮೇಲೆ ನಿಂತ ಸೈನಿಕನಿಗೆ ಕಾಪಾಡುವ ಬಲ ಹೆಚ್ಚು, ಆದ್ದರಿಂದ ಕೆಳಗಿನ ನೆಲ ಕಾಣದಿದ್ದರೆ ಆಟವೇ ಕೆಡುತ್ತದೆ. ನಾನು ಈಗ ಬೇಕಾದ ಮನಿಯನ್ನಷ್ಟೇ ತಿದ್ದುತ್ತೇನೆ.

ಆಟದಲ್ಲಿ ಒಂದು ಸುಳ್ಳು ಇದೆ. ಅಲ್ಲಿ ನೀರು ಬಂದರೆ ಆಹಾರ ಹೆಚ್ಚೇ ಆಗುತ್ತದೆ, ಎಂದೂ ಕಡಿಮೆ ಆಗುವುದಿಲ್ಲ. ನಮ್ಮ ಎರಿ ಭೂಮಿ ಹಂಗಲ್ಲ. ನೀರು ನಿಂತರೆ ತೊಗರಿ ಬೇರು ಕೊಳೀತದ. ಕಾಲುವೆ ನೀರು ವರ್ಷಗಟ್ಟಲೆ ಬಸಿಯದೆ ನಿಂತ ಕರಿಮಣ್ಣು ಸವಳು-ಜವಳು ಆಗುತ್ತದೆ. ಹೊಳಿ ಬಾಜೂಕ ಇರುವುದೂ ಯಾವಾಗಲೂ ಲಾಭವಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಊರುಗಳ ಜನ ಮನೆ ಬಿಟ್ಟು ಹೋಗಬೇಕಾಯಿತು. ಆಟದ ನಕಾಶೆಯಲ್ಲಿ ಅದೇ ಹೊಳಿದಂಡೆಯ ಮನಿ ಎಲ್ಲರೂ ಮೊದಲು ಹಿಡಿಯುವ ಮನಿ!

ಹೋದ ಭಾನುವಾರ ಕಾಕಾ ಹೊಲದಲ್ಲಿ ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ, “ಕಾಕಾ, ಕಾಲುವಿಗೆ ಯಾಕ ಜಾಗಾ ಕೊಡವಲ್ಲಿ?” ಅವರು ಬೈಯಲಿಲ್ಲ. ಒಡ್ಡಿನ ಕೆಳಗಿನ ತೊಗರಿ ತೋರಿಸಿದರು. ಅಲ್ಲಿ ಎರಡು ಸಾಲು ಹಳದಿಯಾಗಿ ಒಣಗಿತ್ತು. “ನೀರು ನನ್ನ ಹೊಲದಾಗ ಬಸೀತದೋ ತಮ್ಮಾ. ನಿಮ್ಮಪ್ಪಗ ನೀರು ಮುಟ್ಟೂದ್ರೊಳಗ ನನ್ನ ಬೆಳಿ ಸಾಯ್ತದ. ಇದನ್ನ ನಿಮ್ಮಪ್ಪ ಕೇಳಲೇ ಇಲ್ಲ” ಅಂದರು. ಆಟದಲ್ಲಿ ನಡುವಿನ ಮನಿ ಮಾತಾಡುವುದಿಲ್ಲ ನೋಡ್ರಿ.

ಮನೆಗೆ ಬಂದು ಅಪ್ಪನ ಮುಂದೆ ನೋಟ್‌ಬುಕ್ಕಿನಲ್ಲಿ ಮೂರು ಮನಿ ಬರೆದು ತೋರಿಸಿದೆ: ಕಾಲುವೆ, ಕಾಕಾನ ಹೊಲ, ನಮ್ಮ ಹೊಲ. ನೆಲದೊಳಗೆ ಪೈಪು ಹೂತು ನೀರು ತಂದರೆ ನಡುವಿನ ಮನಿ ತೊಯ್ಯೋದಿಲ್ಲ ಅಂತ ಅಣ್ಣ ಹೇಳಿದ. ಫ್ರೀಸಿವ್‌ನಲ್ಲಿ ಅಂಥಾ ನಿಯಮ ಇಲ್ಲ. ಅಪ್ಪ ಭಾಳ ಹೊತ್ತು ಹಾಳೆ ನೋಡಿ, ಪೈಪು ಒಂದು ಮಾರಿಗೆ ಎಷ್ಟು ಬೀಳ್ತದ ಅಂತ ಅಣ್ಣನನ್ನು ಕೇಳಿದರು.

ಆಟ ಕಲಿಯುವವರು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರಬಹುದು. ಕರೆಂಟ್ ಇದ್ದರೆ ಮಾತ್ರ, ಬ್ಯಾಟರಿ ಹೋಗ್ಯಾದ.