ಬೈಕಿನ ಎಂಜಿನ್ ಹಾಕಿದ ಕಾರು

ಬೈಕಿನ ಎಂಜಿನ್ ಕಾರನ್ನು ಎಳೆಯುತ್ತದೆಯೇ? ಕಾರು ಹಗುರವಾಗಿದ್ದರೆ ಖಂಡಿತ ಎಳೆಯುತ್ತದೆ. ಇಂಗ್ಲೆಂಡಿನಲ್ಲಿ ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ‘ಕಿಟ್ ಕಾರು’ಗಳಿವೆ. ಅವುಗಳಲ್ಲಿ ಹಲವಕ್ಕೆ 1957ರ ಲೋಟಸ್ ಸೆವೆನ್ ಮಾದರಿ. ಅಂಥದ್ದೇ ಒಂದು ಕಾರು ವೆಸ್ಟ್‌ಫೀಲ್ಡ್ ಕಂಪನಿಯ ಮೆಗಾಬುಸಾ. ಅದಕ್ಕೆ ಹಾಕಿದ್ದು ಸುಜುಕಿ ಹಯಾಬುಸಾ ಬೈಕಿನ 1,299 ಸಿಸಿ ಎಂಜಿನ್. ಕಾರಿನ ತೂಕ 500 ಕಿಲೋ ಕೂಡ ಇಲ್ಲ.

ಕಾಮರ್ಸ್ ಓದುವ ನನಗೆ ಮೊದಲು ಕಂಡದ್ದು ಲಾಭ. ಎಂಜಿನ್, ಗೇರ್‌ಬಾಕ್ಸ್ ಎರಡೂ ಒಟ್ಟಿಗೇ ಬರುತ್ತವೆ, ತೂಕವೂ ಕಡಿಮೆ. ಆದರೆ ಖರ್ಚಿನ ಪಟ್ಟಿಯೂ ಉದ್ದವಿದೆ. ಬೈಕಿನ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್ ಇಲ್ಲ, ಅದನ್ನು ಬೇರೆಯಾಗಿ ಅಳವಡಿಸಬೇಕು. ಎಂಜಿನ್ ಮುಂದಿದ್ದರೆ ಚೈನ್ ಬದಲು ಹಿಂದಿನ ಚಕ್ರಗಳ ಕಡೆಗೆ ಶಾಫ್ಟ್ ಬೇಕು. ಬೈಕಿಗಿಂತ ಹೆಚ್ಚು ಭಾರ ಎಳೆಯುವುದರಿಂದ ಕ್ಲಚ್ ಬೇಗ ಸವೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಆಯಿಲ್‌ನದು. ತಿರುವಿನಲ್ಲಿ ಬೈಕ್ ವಾಲುತ್ತದೆ, ಆದ್ದರಿಂದ ಆಯಿಲ್ ಎಂಜಿನ್‌ನ ತಳದಲ್ಲೇ ನಿಲ್ಲುತ್ತದೆ. ಕಾರು ಹಾಗೆ ವಾಲುವುದಿಲ್ಲ. ಬಸ್ಸು ತಿರುಗಿದಾಗ ನಿಂತವರೆಲ್ಲ ಒಂದು ಕಡೆಗೆ ಸರಿಯುವಂತೆ ಆಯಿಲ್ ಪಕ್ಕಕ್ಕೆ ಸರಿಯುತ್ತದೆ. ಆಗ ಪಂಪ್ ಆಯಿಲ್ ಬದಲು ಗಾಳಿ ಎಳೆದರೆ ಬೇರಿಂಗ್‌ಗಳು ಸುಟ್ಟು ಎಂಜಿನ್ನೇ ಹಾಳಾಗಬಹುದು. ಅದಕ್ಕಾಗಿ ಆಯಿಲ್ ನಿಲ್ಲುವ ಸಂಪ್‌ನೊಳಗೆ ಅಡ್ಡ ತಗಡುಗಳನ್ನು ಕೂರಿಸುತ್ತಾರೆ. ರೇಸ್ ಕಾರಾದರೆ ಆಯಿಲ್‌ಗೆ ಬೇರೆ ಟ್ಯಾಂಕ್ ಇಡುತ್ತಾರೆ. ಇದಕ್ಕೆ ‘ಡ್ರೈ ಸಂಪ್’ ಎನ್ನುತ್ತಾರೆ.

ಎಂಜಿನ್ ಎಷ್ಟೇ ಅಗ್ಗವಾಗಿ ಸಿಗಲಿ, ಅದನ್ನು ಉಳಿಸಿಕೊಳ್ಳುವ ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.