ಆಟದ ಅಂಗಳದ ಅಂಚಿನಲ್ಲಿ ಕುಳಿತ ಮಗು

ಶಾಲೆಯಲ್ಲಿ ವಿರಾಮದ ಗಂಟೆ ಬಾರಿಸುತ್ತದೆ. ಮಕ್ಕಳೆಲ್ಲರೂ ಒಮ್ಮೆಗೇ ಹೊರಕ್ಕೆ ಧಾವಿಸುತ್ತಾರೆ. ಕಿರಿದಾದ ಅಂಗಳವು ಕ್ಷಣಾರ್ಧದಲ್ಲಿ ಕೂಗು, ಓಟ, ನಗು, ಜಗಳಗಳಿಂದ ತುಂಬಿಹೋಗುತ್ತದೆ. ಒಬ್ಬ ಬಾಲಕ ಮಾತ್ರ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಗೋಡೆಯ ಬದಿಗೆ ಸರಿಯುತ್ತಾನೆ. ತುಸು ಹೊತ್ತಿನ ಮೇಲೆ ಜೇಬಿನಿಂದ ಬಾಟಲಿಯ ಮುಚ್ಚಳಗಳನ್ನು ತೆಗೆದು ಸಾಲಾಗಿ ಜೋಡಿಸತೊಡಗುತ್ತಾನೆ: ಕೆಂಪು, ನೀಲಿ, ಕೆಂಪು, ನೀಲಿ. ಯಾರಾದರೂ ಒಂದು ಮುಚ್ಚಳವನ್ನು ಕದಲಿಸಿದರೆ ಚೀರುತ್ತಾನೆ. 'ಇವನಿಗೆ ಆಡಲು ಬಾರದು' ಎಂದು ಸಹಪಾಠಿಗಳು ತೀರ್ಮಾನಿಸುತ್ತಾರೆ. 'ಇವನಿಗೆ ಶಿಸ್ತಿಲ್ಲ' ಎಂದು ಶಿಕ್ಷಕಿ ಡೈರಿಯಲ್ಲಿ ಬರೆದು ಕಳುಹಿಸುತ್ತಾರೆ. ಮನೆಯಲ್ಲಿ ತಾಯಿ ಅದನ್ನು ಓದಿ, ತನ್ನ ತಪ್ಪೇನು ಎಂದು ರಾತ್ರಿಯೆಲ್ಲ ಚಿಂತಿಸುತ್ತಾಳೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಯಾವ ನಗರದ ಶಾಲೆಯಲ್ಲಾದರೂ ಕಾಣಬಹುದಾದ ದೃಶ್ಯವಿದು. ಆ ಬಾಲಕ ನಿಜವಾಗಿಯೂ ಆಡುತ್ತಿಲ್ಲವೇ? ಆಡುತ್ತಲೇ ಇದ್ದಾನೆ. ಅವನ ಆಟವನ್ನು ಆಟವೆಂದು ಗುರುತಿಸುವ ಕಣ್ಣು ಸುತ್ತಲಿನವರಿಗೆ ಇನ್ನೂ ಬಂದಿಲ್ಲ, ಅಷ್ಟೆ. ಆಟಿಸಂ ಎಂದು ಕರೆಯಲ್ಪಡುವ ಸ್ಥಿತಿಯುಳ್ಳ ಇಂತಹ ಮಕ್ಕಳ ಆಟಕ್ಕೂ ಕಲಿಕೆಗೂ ಶಾಲೆ ಮತ್ತು ಮನೆಗಳು ಹೇಗೆ ನೆರವಾಗಬಹುದೆಂಬುದು ಪ್ರತಿಯೊಬ್ಬ ಪಾಲಕರೂ ಅರಿಯಬೇಕಾದ ವಿಷಯವಾಗಿದೆ.

ಆಟಿಸಂ ಎಂದರೇನು?

ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ, ಮೆದುಳಿನ ಬೆಳವಣಿಗೆಯ ರೀತಿಯಲ್ಲಿರುವ ಒಂದು ಭಿನ್ನತೆ. ಅದು ಅಂಟುವ ರೋಗವಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಇತರರೊಡನೆ ಬೆರೆಯುವ ಹಾಗೂ ಸಂಭಾಷಿಸುವ ಬಗೆಯಲ್ಲಿ ವ್ಯತ್ಯಾಸ, ಒಂದೇ ಕ್ರಿಯೆಯನ್ನು ಮರಳಿ ಮರಳಿ ಮಾಡುವ ಒಲವು, ದಿನಚರಿ ಬದಲಾದರೆ ತಳಮಳ, ಶಬ್ದ-ಬೆಳಕು-ಸ್ಪರ್ಶಗಳ ಬಗೆಗೆ ಅತಿಯಾದ ಅಥವಾ ಅತ್ಯಲ್ಪವಾದ ಸಂವೇದನೆ ಇವು ಅದರ ಮುಖ್ಯ ಲಕ್ಷಣಗಳು. ಕೆಲವರು ಮಾತನ್ನೇ ಆಡುವುದಿಲ್ಲ. ಕೆಲವರು ನಿರರ್ಗಳವಾಗಿ ಮಾತನಾಡುತ್ತಾರೆ. ಕೆಲವರಿಗೆ ಬುದ್ಧಿಮಾಂದ್ಯವೂ ಜೊತೆಗಿರುತ್ತದೆ; ಅನೇಕರಿಗೆ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಪ್ರಪಂಚದಲ್ಲಿ ಸುಮಾರು ೧೨೭ ಜನರಿಗೆ ಒಬ್ಬರಂತೆ ಆಟಿಸಂ ಉಳ್ಳವರಿದ್ದರು. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಪತ್ತೆಯಾಗುತ್ತದೆ. ಹೆಣ್ಣುಮಕ್ಕಳು 'ಸಂಕೋಚದ ಸ್ವಭಾವದವರು' ಎಂಬ ಹೆಸರಿನ ಮರೆಯಲ್ಲಿ ಉಳಿದುಬಿಡುವುದುಂಟು.

ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖಾರೆವಾ ೧೯೨೬ರಲ್ಲಿಯೇ ಇಂತಹ ಮಕ್ಕಳನ್ನು ಕುರಿತು ಬರೆದಿದ್ದರು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೊ ಕ್ಯಾನರ್ ೧೯೪೩ರಲ್ಲಿ ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ವೈದ್ಯಲೋಕ ಇದನ್ನು ಗಮನಿಸತೊಡಗಿತು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇದೇ ಬಗೆಯ ಮಕ್ಕಳನ್ನು ವರ್ಣಿಸಿದರು.

ತಾಯಿಯ ಮೇಲಿನ ಅಪವಾದ

ಆ ಬಳಿಕ ಒಂದು ದೊಡ್ಡ ಅನ್ಯಾಯ ನಡೆಯಿತು. ತಾಯಿಯ ಮಮತೆ ಸಾಲದೆ ಮಗು ಹೀಗಾಗುತ್ತದೆಂಬ ವಾದ ಪಶ್ಚಿಮದಲ್ಲಿ ಎರಡು ದಶಕಗಳಿಗೂ ಮಿಕ್ಕಿ ಮೆರೆಯಿತು. ಆಟಿಸಂ ಉಳ್ಳ ಮಗನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ೧೯೬೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾದವನ್ನು ಖಂಡಿಸಿದರು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ ೨೧ ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ಒಂದೇ ಅಂಡದಿಂದ ಹುಟ್ಟಿದ ೧೧ ಜೋಡಿಗಳ ಪೈಕಿ ೪ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ೧೦ ಜೋಡಿಗಳ ಪೈಕಿ ಒಂದರಲ್ಲಿಯೂ ಹಾಗಿರಲಿಲ್ಲ. ಅನುವಂಶೀಯತೆಯ ಪಾತ್ರ ಅಲ್ಲಿಗೆ ಸ್ಪಷ್ಟವಾಯಿತು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಶಂಕೆಗೆ ಕಾರಣವಾದ ೧೯೯೮ರ ಲೇಖನವನ್ನು ಅದನ್ನು ಅಚ್ಚುಮಾಡಿದ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು.

ಆದರೂ ನಮ್ಮ ಮನೆಗಳಲ್ಲಿ 'ತಾಯಿ ಕೆಲಸಕ್ಕೆ ಹೋಗುವುದರಿಂದ ಹೀಗಾಯಿತು' ಎಂಬ ಮಾತು ಇನ್ನೂ ಕೇಳಿಬರುತ್ತದೆ. ಈ ಮಾತಿಗೆ ಯಾವ ಆಧಾರವೂ ಇಲ್ಲ. ಅಪರಾಧಭಾವದಿಂದ ಕುಗ್ಗಿದ ಪಾಲಕರೇ 'ಸಂಪೂರ್ಣ ಗುಣಪಡಿಸುತ್ತೇವೆ' ಎಂಬ ದುಬಾರಿ ಭರವಸೆಗಳಿಗೆ ಮೊದಲು ಬಲಿಯಾಗುವವರು. ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ ೨೦೨೨ರಲ್ಲಿ ತಿಳಿಸಿದೆ. ಜೀವಮಾನದ ಉಳಿತಾಯವನ್ನು ಇಂತಹವಕ್ಕೆ ಸುರಿಯುವ ಮುನ್ನ ಪಾಲಕರು ಯೋಚಿಸುವುದೊಳ್ಳೆಯದು. ಮಗುವಿಗೆ ಬೇಕಾದುದು ದೀರ್ಘಕಾಲದ ಶಿಕ್ಷಣ. ಅದಕ್ಕೆ ಹಣವೂ ಬೇಕು, ತಾಳ್ಮೆಯೂ ಬೇಕು.

ತರಗತಿಯಲ್ಲಿ

ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಎರಿಕ್ ಶೋಪ್ಲರ್ ಅವರ ನೇತೃತ್ವದಲ್ಲಿ ೧೯೭೨ರಲ್ಲಿ ರಾಜ್ಯವ್ಯಾಪಿಯಾದ ಒಂದು ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ಪಾಲಕರನ್ನು ದೂಷಿಸುವ ಬದಲು ಅವರನ್ನು ಸಹಶಿಕ್ಷಕರನ್ನಾಗಿ ಮಾಡಿಕೊಂಡದ್ದು ಅದರ ಹಿರಿಮೆ. ಕಿವಿಯಿಂದ ಕೇಳಿದ್ದಕ್ಕಿಂತ ಕಣ್ಣಿನಿಂದ ಕಂಡದ್ದನ್ನು ಈ ಮಕ್ಕಳಲ್ಲಿ ಅನೇಕರು ಸುಲಭವಾಗಿ ಗ್ರಹಿಸುತ್ತಾರೆಂಬುದು ಅದರ ತಳಹದಿ. ಇದನ್ನು ಅನುಸರಿಸಲು ದುಬಾರಿ ಸಾಮಗ್ರಿ ಬೇಕಿಲ್ಲ. ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ಬರೆದು ಮೇಜಿನ ಮೇಲೆ ಅಂಟಿಸಬಹುದು: ಪ್ರಾರ್ಥನೆ, ಲೆಕ್ಕ, ಡಬ್ಬಿ, ಆಟ, ಕಥೆ, ಮನೆ. ಮುಗಿದುದನ್ನು ಮಗುವೇ ತೆಗೆದಿಡುತ್ತದೆ. ಶಿಕ್ಷಕರು ರಜೆಯಲ್ಲಿದ್ದರೆ ಅಥವಾ ತರಗತಿಯ ಕೋಣೆ ಬದಲಾಗುವುದಿದ್ದರೆ ಹಿಂದಿನ ದಿನವೇ ತಿಳಿಸಬೇಕು. 'ಮೊದಲು ಬರಹ, ಆಮೇಲೆ ಮುಚ್ಚಳ' ಎಂಬಂತಹ ಚಿಕ್ಕ ವಾಕ್ಯ ದೀರ್ಘ ಉಪದೇಶಕ್ಕಿಂತ ಉಪಯುಕ್ತ.

ಮಾತು ಬಾರದ ಮಗುವಿಗಾಗಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ೧೯೮೫ರಲ್ಲಿ ಚಿತ್ರ-ವಿನಿಮಯ ಪದ್ಧತಿಯೊಂದನ್ನು ರೂಪಿಸಿದರು. ನೀರು ಬೇಕಾದರೆ ಮಗು ಲೋಟದ ಚಿತ್ರವನ್ನು ಎದುರಿಗಿರುವವರ ಕೈಗೆ ಕೊಡುತ್ತದೆ. ಚಿತ್ರ ಬಳಸಿದರೆ ಮಾತು ಬರುವುದೇ ನಿಂತುಹೋದೀತೆಂಬ ಅಂಜಿಕೆಗೆ ಕಾರಣವಿಲ್ಲ. ಮಗು ಕೇಳಿದ ಮಾತನ್ನೇ ಗಿಣಿಯಂತೆ ಮರುನುಡಿದರೆ ಗದರಿಸಲೂಬಾರದು. ಅಂತಹ ಮರುನುಡಿಗೂ ಅರ್ಥವಿರುತ್ತದೆಂದು ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಚಾನ್ ೧೯೮೧ರಲ್ಲಿ ತೋರಿಸಿದ್ದಾರೆ. 'ನೀರು ಬೇಕಾ?' ಎಂದು ಮಗುವೇ ಕೇಳಿದರೆ, 'ನನಗೆ ನೀರು ಬೇಕು' ಎಂಬುದೇ ಅದರ ಭಾವವಾಗಿರಬಹುದು. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಗಲ್ಲ ಹಿಡಿದು ತಿರುಗಿಸುವುದು ಸರಿಯಲ್ಲ; ನೋಡದೆಯೂ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಫ್ಯಾನಿನ ಕಿರುಗುಟ್ಟುವಿಕೆ, ಗಂಟೆಯ ಸದ್ದು ಸಹಿಸಲಾರದ ಮಗುವಿಗೆ ದೂರದ ಬೆಂಚು, ಕಿವಿಗೆ ಶಬ್ದ ತಡೆಯುವ ಸಾಧನ, ದಣಿದಾಗ ಹೋಗಿ ಕೂರಲು ಒಂದು ನಿಶ್ಶಬ್ದ ಮೂಲೆ ಇವಿಷ್ಟು ದೊರೆತರೂ ಅದರ ದಿನ ಸುಗಮವಾಗುತ್ತದೆ.

ಆಟದ ಅಂಗಳದಲ್ಲಿ

ಪಾಠದ ಹೊತ್ತಿಗಿಂತ ವಿರಾಮದ ಹೊತ್ತೇ ಈ ಮಕ್ಕಳಿಗೆ ಕಠಿಣ. ತರಗತಿಯಲ್ಲಿ ನಿಯಮಗಳಿರುತ್ತವೆ, ಅಂಗಳದಲ್ಲಿ ನಿಯಮಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಯಾರೂ ಅವನ್ನು ವಿವರಿಸುವುದಿಲ್ಲ. ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೂಲ್ಡ್ ೧೯೭೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲ್ಪನೆಯ ಆಟ ಇಂತಹ ಮಕ್ಕಳಲ್ಲಿ ಭಿನ್ನವಾಗಿರುವುದನ್ನು ಗುರುತಿಸಿದರು. ಮನೆಯಾಟ, ಕಳ್ಳ-ಪೊಲೀಸರ ಆಟಗಳಲ್ಲಿ ತೊಡಕುವ ಮಗುವೇ ವಸ್ತುಗಳನ್ನು ವಿಂಗಡಿಸುವುದರಲ್ಲಿ, ಜೋಡಿಸುವುದರಲ್ಲಿ ಇತರರನ್ನು ಮೀರಿಸಬಹುದು.

ಆದುದರಿಂದ ದೊಡ್ಡವರು ಮೊದಲು ಮಾಡಬೇಕಾದ ಕೆಲಸ ಮಗುವಿನ ಬಳಿ ನೆಲದ ಮೇಲೆ ಕೂರುವುದು. ಅದರ ಮುಚ್ಚಳಗಳನ್ನು ಮುಟ್ಟದೆ ತಾವೂ ಒಂದು ಸಾಲು ಜೋಡಿಸಬೇಕು. ಕೆಲವು ದಿನಗಳಲ್ಲಿ ಮಗು ಓರೆಗಣ್ಣಿನಿಂದ ಗಮನಿಸತೊಡಗುತ್ತದೆ. ಆಮೇಲೆ ಒಂದು ಮುಚ್ಚಳ ಅದರದು, ಒಂದು ತಮ್ಮದು ಎಂಬ ಸರದಿ ಸಾಧ್ಯವಾಗಬಹುದು. ಬಳಿಕ ಒಬ್ಬ ಸೌಮ್ಯ ಸಹಪಾಠಿಯನ್ನು ಸೇರಿಸಿಕೊಳ್ಳಬೇಕು. ಹತ್ತು ಜನರ ಗುಂಪನ್ನಲ್ಲ. ಆರಂಭ ಮತ್ತು ಅಂತ್ಯ ಸ್ಪಷ್ಟವಾಗಿರುವ ಆಟವನ್ನು ಹತ್ತು-ಹದಿನೈದು ನಿಮಿಷ ಆಡಿದರೆ ಸಾಕು.

ನಮ್ಮ ಹಿರಿಯರ ಆಟಗಳು ಇಲ್ಲಿ ಒದಗಿಬರುತ್ತವೆ. ಅಳಿಗುಳಿಮಣೆಯಲ್ಲಿ ಗುಳಿಗಳು ನಿಶ್ಚಿತ, ಸರದಿ ನಿಶ್ಚಿತ, ಎಣಿಕೆ ಕಣ್ಣಿಗೆ ಕಾಣುವಂತಹುದು. ಮಾತಿನ ಅಗತ್ಯ ತೀರ ಕಡಿಮೆ. ಚೌಕಾಬಾರ, ಕುಂಟೆಬಿಲ್ಲೆಗಳೂ ಹಾಗೆಯೇ. ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಮಾತ್ರ ಹುಣಿಸೆ ಬೀಜದ ಬದಲು ದೊಡ್ಡ ಗುಂಡಿಗಳನ್ನು ಕೊಡಬೇಕು. ಗುಲಗಂಜಿಯಂತೂ ವಿಷಬೀಜವಾದ್ದರಿಂದ ಮಕ್ಕಳ ಕೈಗೆ ಸಿಗಲೇಬಾರದು. ಬರಹ ಮುಗಿಸಲಿಲ್ಲವೆಂದು ವಿರಾಮವನ್ನೇ ಕಸಿದುಕೊಳ್ಳುವ ಶಿಕ್ಷೆ ಸಲ್ಲದು. ಏಕಾಂಗಿಯಾಗಿ ಆಡಬಯಸುವ ದಿನ ಅದಕ್ಕೂ ಅವಕಾಶವಿರಬೇಕು. ವಿಶ್ರಾಂತಿಯೂ ಆಟದ ಒಂದು ಪ್ರಯೋಜನವೇ.

ಇತರ ಮಕ್ಕಳಿಗೂ ತಿಳಿವಳಿಕೆ ನೀಡಬೇಕಾದುದು ಅವಶ್ಯ. ಸ್ವತಃ ಆಟಿಸಂ ಉಳ್ಳ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ ೨೦೧೨ರಲ್ಲಿ ಒಂದು ವಿಚಾರ ಮಂಡಿಸಿದರು: ಅರ್ಥಮಾಡಿಕೊಳ್ಳಲಾರದ ತೊಡಕು ಒಂದು ಪಕ್ಷದ್ದು ಮಾತ್ರವಲ್ಲ, ಎರಡೂ ಪಕ್ಷದ್ದು. ಆ ಮಗು ನಮ್ಮನ್ನು ಅರಿಯಲು ಎಷ್ಟು ಶ್ರಮಿಸುತ್ತದೆಯೋ ಅಷ್ಟು ಶ್ರಮವನ್ನು ನಾವು ಅದನ್ನು ಅರಿಯಲು ಪಡುತ್ತಿಲ್ಲವೆಂಬುದು ನಿಜ.

ಮನೆಮಾತನ್ನು ಬಿಡಬೇಕೆ?

ಹೊರನಾಡ ಕನ್ನಡಿಗರಿಗೆ ಸಂಬಂಧಿಸಿದ ವಿಶೇಷ ಪ್ರಶ್ನೆಯೊಂದಿದೆ. ಮನೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ಮರಾಠಿಯೋ ತಮಿಳೋ ಹಿಂದಿಯೋ, ಶಾಲೆಯಲ್ಲಿ ಇಂಗ್ಲಿಷು. ಮಗುವಿಗೆ ಮಾತು ತಡವಾದಾಗ 'ಮನೆಯಲ್ಲಿ ಒಂದೇ ಭಾಷೆ ಬಳಸಿ, ಅದು ಶಾಲೆಯ ಭಾಷೆಯೇ ಆಗಿರಲಿ' ಎಂಬ ಸಲಹೆ ಬರುವುದುಂಟು. ಅಂದಿನಿಂದ ಕನ್ನಡವಷ್ಟೇ ಬಲ್ಲ ಅಜ್ಜಿ ಮೊಮ್ಮಗನೆದುರು ಮೂಕಳಾಗುತ್ತಾಳೆ. ಆಕೆಯ ತಟ್ಟು ಚಪ್ಪಾಳೆ, ಬೆರಳೆಣಿಕೆಯ ಆಟ ಎಲ್ಲವೂ ನಿಲ್ಲುತ್ತವೆ. ತಾಯಿ ತನಗೆ ಒಗ್ಗದ ಇಂಗ್ಲಿಷಿನಲ್ಲಿ ಆಜ್ಞೆಗಳನ್ನಷ್ಟೇ ನೀಡಬಲ್ಲವಳಾಗುತ್ತಾಳೆ, ಮುದ್ದಿಸಲಾರಳು, ನಗಿಸಲಾರಳು.

ಈ ತ್ಯಾಗಕ್ಕೆ ಶಾಸ್ತ್ರದ ಸಮರ್ಥನೆಯಿಲ್ಲ. ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಉಳ್ಳ ಮಕ್ಕಳನ್ನು ಒಂದೇ ಭಾಷೆಯಲ್ಲಿ ಬೆಳೆದವರೊಡನೆ ಹೋಲಿಸಿದ ಅನೇಕ ಅಧ್ಯಯನಗಳಲ್ಲಿ, ಎರಡನೆಯ ಭಾಷೆಯಿಂದ ಮಾತಿನ ಬೆಳವಣಿಗೆಗೆ ಹಾನಿಯಾದುದು ಕಂಡುಬಂದಿಲ್ಲ. ಆಟಕ್ಕೆ ಬೇಕಾದುದು ಹೃದಯಕ್ಕೆ ಹತ್ತಿರದ ಮಾತು. ಅದನ್ನು ಕಿತ್ತುಕೊಂಡರೆ ಮಗುವಿನ ಜೊತೆಗಾರರೇ ಕಡಿಮೆಯಾಗುತ್ತಾರೆ.

ಶಾಲೆಗೂ ಇಲ್ಲಿ ಒಂದು ಸಣ್ಣ ಹೊಣೆಯಿದೆ. ಗದ್ದಲ ಮಿತಿಮೀರಿದಾಗ ಮಗು 'ಸಾಕು, ಸಾಕು' ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕನ್ನಡವರಿಯದ ಶಿಕ್ಷಕಿಗೆ ಅದು ಅರ್ಥವಿಲ್ಲದ ಸದ್ದು. ಮೂರನೆಯ ಸಲ ಮಗು ಕೈ ಕಚ್ಚಿಕೊಳ್ಳುತ್ತದೆ. ಡೈರಿಯಲ್ಲಿ ಕೈ ಕಚ್ಚಿಕೊಂಡದ್ದು ಮಾತ್ರ ದಾಖಲಾಗುತ್ತದೆ. ಸಾಕು, ಬೇಡ, ನೋವು, ನೀರು, ಭಯ ಹಾಗೂ ಶೌಚಕ್ಕೆ ಮಗು ಬಳಸುವ ಮಾತು, ಇಂತಹ ಹತ್ತು ಪದಗಳ ಪಟ್ಟಿಯನ್ನು ಶಾಲೆಯ ಲಿಪಿಯಲ್ಲಿ ಬರೆದು ಪಾಲಕರು ವರ್ಷಾರಂಭದಲ್ಲೇ ಶಿಕ್ಷಕರಿಗೆ ಕೊಡಬೇಕು.

ಕಾನೂನಿನ ಆಸರೆ, ಸಂಸ್ಥೆಗಳ ನೆರವು

೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂ ಹೆಸರಿಸಲ್ಪಟ್ಟಿದೆ. ಆ ನ್ಯಾಸದ ನಿರಾಮಯ ಆರೋಗ್ಯ ವಿಮೆಯಡಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ರಕ್ಷಣೆಯುಂಟು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ೨೧ ವಿಧದ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಶೇಕಡಾ ೪೦ ಅಥವಾ ಅದಕ್ಕೂ ಮಿಗಿಲಾದ ವೈಕಲ್ಯವೆಂದು ಪ್ರಮಾಣಪತ್ರ ಪಡೆದ ೬ರಿಂದ ೧೮ ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಆದುದರಿಂದ ಪ್ರಮಾಣಪತ್ರವನ್ನು ಕಳಂಕವೆಂದು ಬಗೆದು ಮುಚ್ಚಿಡುವುದು ಜಾಣತನವಲ್ಲ.

ಒಂದೂವರೆ ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗದ, ಬೇಕಾದುದನ್ನು ಬೆರಳಿನಿಂದ ತೋರದ ಮಗುವನ್ನು ತಜ್ಞರಲ್ಲಿಗೆ ಕರೆದೊಯ್ಯಬೇಕು. ಶ್ರವಣ ಪರೀಕ್ಷೆಯನ್ನೂ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಕನ್ನಡಿಗರಿಗೆ ಪರಿಚಿತ. ದೆಹಲಿಯಲ್ಲಿ ೧೯೯೧ರಿಂದ ಆಕ್ಷನ್ ಫಾರ್ ಆಟಿಸಂ, ಮುಂಬಯಿಯಲ್ಲಿ ೨೦೦೧ರಿಂದ ಉಮ್ಮೀದ್, ಸಿಕಂದರಾಬಾದಿನಲ್ಲಿಯೂ ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿಯೂ ಕೇಂದ್ರ ಸರಕಾರದ ಸಂಸ್ಥೆಗಳು ಸೇವೆ ಸಲ್ಲಿಸುತ್ತಿವೆ.

ಸಂಘಗಳ ಕರ್ತವ್ಯ

ಕಡೆಯದಾಗಿ ನಮ್ಮ ಸಂಘಗಳ ವಿಷಯ. ರಾಜ್ಯೋತ್ಸವದ ಸಭಾಂಗಣದಲ್ಲಿ ಧ್ವನಿವರ್ಧಕ ಮೊಳಗುತ್ತದೆ; ಇಂತಹ ಮಗುವೊಂದು ಚೀರುತ್ತದೆ; ಹತ್ತಾರು ತಲೆಗಳು ಹಿಂದಿರುಗಿ ನೋಡುತ್ತವೆ. ಮರುವರ್ಷ ಆ ಕುಟುಂಬ ಬರುವುದಿಲ್ಲ. ಯಾಕೆ ಬರಲಿಲ್ಲವೆಂದು ಯಾರೂ ವಿಚಾರಿಸುವುದೂ ಇಲ್ಲ. ಧ್ವನಿಯನ್ನು ತುಸು ತಗ್ಗಿಸುವುದು, ಬಾಗಿಲ ಬಳಿ ಆ ಕುಟುಂಬಕ್ಕೆ ಆಸನ ಕಾದಿರಿಸುವುದು, ಪಕ್ಕದ ಕೋಣೆಯಲ್ಲಿ ಒಂದು ಚಾಪೆ, ಒಂದು ಅಳಿಗುಳಿಮಣೆ ಇಡುವುದು, ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಅಂಗಳದ ಅಂಚಿನಲ್ಲಿ ಕುಳಿತ ಬಾಲಕ ಎದ್ದು ಬಂದು ಎಲ್ಲರಂತೆ ಓಡಲೇಬೇಕೆಂದೇನೂ ಇಲ್ಲ. ಸಹಪಾಠಿಯೊಬ್ಬ ಓಟ ನಿಲ್ಲಿಸಿ, ಅವನ ಪಕ್ಕದಲ್ಲಿ ಕುಳಿತು, ನೀಲಿಯ ನಂತರ ಒಂದು ಕೆಂಪು ಮುಚ್ಚಳವನ್ನಿಟ್ಟು ಕಾಯುವುದನ್ನು ಕಲಿತರೆ ಸಾಕು. ಮುಂದಿನ ಮುಚ್ಚಳ ಬಾಲಕನದು.